ಅಕ್ಷೀಯ ಕಂಪ್ರೆಸರ್‌: ಸ್ಟಾಲ್ ಮತ್ತು ಸದ್ದು

ಜೆಟ್ ಎಂಜಿನ್‌ನ ಕಂಪ್ರೆಸರ್‌ನಲ್ಲಿ ಗಾಳಿಯ ಹರಿವು ಅಲಗುಗಳ ಮೈಬಿಟ್ಟು ಕಳಚಿಕೊಳ್ಳುವುದೇ ಸ್ಟಾಲ್. ಒಳಬರುವ ಗಾಳಿ ಕಡಿಮೆಯಾದಂತೆ ಅದು ಅಲಗಿಗೆ ತಾಗುವ ಕೋನ ಹೆಚ್ಚುತ್ತದೆ. ಅದರಿಂದ ಅಲಗುಗಳ ನಡುವಿನ ಒಂದು ಸಂದು ಕಟ್ಟಿಕೊಂಡರೆ ಗಾಳಿ ಪಕ್ಕಕ್ಕೆ ಸರಿದು ಮುಂದಿನ ಅಲಗನ್ನೂ ಕೆಡಿಸುತ್ತದೆ. ಹೀಗೆ ಹುಟ್ಟಿದ ಸ್ಟಾಲ್ ಕೋಶ ರೋಟರ್‌ನ, ಅಂದರೆ ಸುತ್ತುವ ಅಲಗುಚಕ್ರದ, ಸುಮಾರು ಅರ್ಧ ವೇಗದಲ್ಲಿ ಸುತ್ತುತ್ತದೆ.

ಎಂಜಿನ್‌ನ ಸಹಜ ಓಟದ ಕೀಚಲು ಸ್ವರದ ಆವರ್ತನ ಅಲಗುಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದಷ್ಟು. ಸ್ಟಾಲ್ ಆದಾಗ ಅದರಡಿಯಲ್ಲಿ ತಗ್ಗು ಮೊರೆತ ಏಳುತ್ತದೆ. ಹರಿವೇ ಹಿಮ್ಮುಖವಾದರೆ ಅದು ಸರ್ಜ್. ಕಿವಿಗಡಚಿಕ್ಕುವ ಸಿಡಿತ, ಕೆಲವೊಮ್ಮೆ ಬೆಂಕಿಯ ನಾಲಗೆ.

ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆಗೆ ಯುದ್ಧವಿಮಾನಕ್ಕೆಂದು 1989ರಲ್ಲಿ ಮಂಜೂರಾದ ಕಾವೇರಿ ಜೆಟ್ ಎಂಜಿನ್‌ನಲ್ಲಿ 3 ಹಂತದ ಫ್ಯಾನ್, 6 ಹಂತದ ಅಧಿಕ ಒತ್ತಡದ ಕಂಪ್ರೆಸರ್ ಇವೆ. ಕಂಪ್ರೆಸರ್‌ನ ಮೊದಲ ಹಂತಗಳಲ್ಲಿ ರೋಟರ್‌ನೊಂದಿಗೆ ಸುತ್ತದ ಅಲಗುಗಳ ಕೋನವನ್ನು ವೇಗಕ್ಕೆ ತಕ್ಕಂತೆ ಬದಲಿಸಿ ಸ್ಟಾಲ್ ತಡೆಯುತ್ತಾರೆ. ಯುದ್ಧವಿಮಾನಕ್ಕೆ ಇದು ಪ್ರಾಣದ ಪ್ರಶ್ನೆ, ಏಕೆಂದರೆ ತೀವ್ರ ತಿರುವಿನಲ್ಲಿ ಎಂಜಿನ್‌ಗೆ ಸಮನಾದ ಗಾಳಿ ಸಿಗುವುದಿಲ್ಲ.