ಅರ್ಧಕ್ಕೆ ನಿಂತ ಕಥಾಮಾಲಿಕೆ, ತಡವಾಗಿ ಬಂದ ಮುಕ್ತಾಯ

ಕಂತುಕಂತಾಗಿ ಹೊರಬರುವ ಕಥೆಗೆ ಎರಡು ಅಪಾಯಗಳು ತಪ್ಪಿದ್ದಲ್ಲ. ಓದುಗರ ಆಸಕ್ತಿ ತಗ್ಗಿದರೆ ಪತ್ರಿಕೆ ಅದನ್ನು ನಿಲ್ಲಿಸಬಹುದು; ಇಲ್ಲವೆ ಕಥೆ ಮುಗಿಯುವ ಮೊದಲೇ ಬರೆಯುವವರು ತೀರಿಕೊಳ್ಳಬಹುದು. ಜಪಾನಿನ ಚಿತ್ರಕಥಾ ಪ್ರಕಾರವಾದ 'ಮಾಂಗಾ'ದಲ್ಲಿ ಎರಡಕ್ಕೂ ನಿದರ್ಶನಗಳಿವೆ. ಹಿರೊಯುಕಿ ತಾಕೆಯಿ ಅವರ 'ಶಾಮನ್ ಕಿಂಗ್' 1998ರಲ್ಲಿ ಆರಂಭವಾಗಿ, 2004ರಲ್ಲಿ ಕಥೆ ಇನ್ನೂ ಬಾಕಿಯಿರುವಾಗಲೇ ನಿಂತಿತು. 2008-09ರಲ್ಲಿ ಬಂದ ಸಮಗ್ರ ಆವೃತ್ತಿಯಲ್ಲಿ ತಾಕೆಯಿ ಅವರೇ ಅದಕ್ಕೆ ತಕ್ಕ ಕೊನೆಯನ್ನು ಬರೆದು ಸೇರಿಸಿದರು. 'ಬೆರ್ಸೆರ್ಕ್' ಕರ್ತೃ ಕೆಂತಾರೊ ಮಿಯುರಾ 2021ರಲ್ಲಿ ನಿಧನರಾದಾಗ ಅವರ ಕಥೆಯೂ ಅಪೂರ್ಣವಾಗಿತ್ತು. ಕೊನೆಯವರೆಗಿನ ಕಥೆಯನ್ನು ಅವರ ಬಾಯಿಂದಲೇ ಕೇಳಿದ್ದ ಗೆಳೆಯ ಕೋಜಿ ಮೋರಿ ಅವರ ಮೇಲ್ವಿಚಾರಣೆಯಲ್ಲಿ 2022ರಲ್ಲಿ ಅದು ಮುಂದುವರಿಯಿತು.

ಕನ್ನಡಕ್ಕೆ ಇದು ಹೊಸತಲ್ಲ. ಕುಮಾರವ್ಯಾಸ ಭಾರತವನ್ನು ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಪೂರೈಸಿದ. ಅದೇ 'ಕೃಷ್ಣರಾಯ ಭಾರತ'. ಆದರೂ ಗಮಕಿಗಳ ಕಂಠದಲ್ಲಿ ನಿಂತದ್ದು ಕುಮಾರವ್ಯಾಸನೇ. ಬೇರೊಬ್ಬರ ಕೈಯಿಂದ ಬಂದ ಮುಕ್ತಾಯವನ್ನು ಓದುಗರು ಗೌರವಿಸುತ್ತಾರೆ, ಆದರೆ ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ.

ಈ ದೃಷ್ಟಿಯಿಂದ ಚಿತ್ರದುರ್ಗ ಜಿಲ್ಲೆಯ ನಿದರ್ಶನ ವಿಶೇಷವಾದುದು. ಚಳ್ಳಕೆರೆಯಿಂದ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿರುವ ತಳುಕು, ಆಡಳಿತದಲ್ಲಿ ಚಳ್ಳಕೆರೆ ತಾಲ್ಲೂಕಿಗೂ ವಿಧಾನಸಭಾ ಚುನಾವಣೆಯಲ್ಲಿ ಮೊಳಕಾಲ್ಮೂರು ಕ್ಷೇತ್ರಕ್ಕೂ ಸೇರಿದ ಊರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅರ್ಪಿಸಿದ್ದು ಈ ಊರಿನ ಟಿ.ಎಸ್. ವೆಂಕಣ್ಣಯ್ಯನವರಿಗೆ. ಅದೇ ಮನೆತನದ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ತ.ರಾ.ಸು., 1920ರಲ್ಲಿ ಹುಟ್ಟಿದ್ದು ಮಲೇಬೆನ್ನೂರಿನಲ್ಲಿ. ಹೆಸರಿನ ಮೊದಲ ಅಕ್ಷರದಲ್ಲಿ ಮಾತ್ರ ತಳುಕು ಉಳಿಯಿತು.

ಚಿತ್ರದುರ್ಗದ ಪಾಳೆಯಗಾರರನ್ನು ಕುರಿತ ಅವರ ಮಾಲಿಕೆಯಲ್ಲಿ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದೇ ಕಥೆಯ ಮೂರು ಭಾಗಗಳು. ಹದಿನೇಳನೆಯ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣ ನಾಯಕರನ್ನು ಪಟ್ಟಕ್ಕೇರಿಸಿ ಇಳಿಸುತ್ತಿದ್ದ ದಿನಗಳು ಅಲ್ಲಿನ ವಸ್ತು. 'ಹೊಸಹಗಲು', 'ವಿಜಯೋತ್ಸವ', 'ರಾಜ್ಯದಾಹ', 'ಕಸ್ತೂರಿ ಕಂಕಣ' ಅದೇ ಮಾಲಿಕೆಗೆ ಸೇರಿದವು. ಇಷ್ಟಾದರೂ ಕೋಟೆ ಬೀಳುವ ಕಥೆ ಬಹುಕಾಲ ಬಾಕಿಯೇ ಇತ್ತು. ಇದನ್ನು ಯಾವ ಪ್ರಕಾಶಕರೂ ತಡೆದಿರಲಿಲ್ಲ. ಹೈದರಾಲಿ 1779ರಲ್ಲಿ ದುರ್ಗವನ್ನು ಗೆದ್ದದ್ದು ನಾಡಿಗೆಲ್ಲ ತಿಳಿದ ಸಂಗತಿಯಾಗಿತ್ತು. ಆದರೆ ಗೊತ್ತಿರುವ ಕೊನೆಯನ್ನು ಬರೆಯುವುದೇ ಕಾದಂಬರಿಕಾರನಿಗೆ ಕಷ್ಟ. ಕುತೂಹಲದ ಬಲವಿಲ್ಲದೆ ದುಃಖವೊಂದನ್ನೇ ನೆಚ್ಚಿ ನಡೆಯಬೇಕು.

1982ರಲ್ಲಿ 'ದುರ್ಗಾಸ್ತಮಾನ' ಪ್ರಕಟವಾಯಿತು. ಜಾನಕಲ್ಲಿನಿಂದ ಕರೆತಂದು ಬಾಲ್ಯದಲ್ಲೇ ಪಟ್ಟ ಕಟ್ಟಿದ ಕೊನೆಯ ಮದಕರಿ ನಾಯಕನ ಆಳ್ವಿಕೆಯಿಂದ ಕೋಟೆಯ ಪತನದವರೆಗೆ ಅದರ ಹರವು. ಹಿಂದಿನ ಕಾದಂಬರಿಗಳಿಗಿಂತ ಇದರ ನಡೆ ನಿಧಾನವೆನಿಸಿದರೂ ಆ ನಿಧಾನ ವಸ್ತುವಿಗೆ ತಕ್ಕುದೇ ಆಗಿದೆ. ಪತನ ಒಂದೇ ದಿನದಲ್ಲಿ ಆದದ್ದಲ್ಲ ಎಂಬುದನ್ನು ಓದುಗರಿಗೆ ಮನಗಾಣಿಸಲು ಬೇರೆ ದಾರಿಯಿರಲಿಲ್ಲ.

ಅದೇ ತ.ರಾ.ಸು. ಅವರ ಕೊನೆಯ ಕಾದಂಬರಿಯಾಯಿತು. 1984ರ ಏಪ್ರಿಲ್ 10ರಂದು ಅವರು ನಿಧನರಾದರು. ಎರಡೇ ವರ್ಷ ತಡವಾಗಿದ್ದರೂ ಮಾಲಿಕೆಯ ಕೊನೆ ಬೇರೊಬ್ಬ ತಿಮ್ಮಣ್ಣನಿಗಾಗಿ ಕಾಯಬೇಕಿತ್ತು. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಣೋತ್ತರವಾಗಿ ಸಂದಿತು.