ಸೋಸಿದ ನೀರು

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಒಕ್ಕಲುತನದ ಜೈನ ಮನೆತನಗಳು ಬಹಳ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸದೆ ನೀರು ಕುಡಿಯಬಾರದೆಂಬದು ಆ ಮನೆಗಳ ಪುರಾತನ ನಿಯಮ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಸ್ಥಳಕ್ಕೇ ಮರಳಿ ಬಿಡುವದೂ ಅದರ ಅಂಗವಾಗಿದೆ. ಈ ಆಚಾರದ ಮೂಲ ಉದ್ದೇಶವು ಅಹಿಂಸೆ; ಆರೋಗ್ಯವು ಅದರ ಆನುಷಂಗಿಕ ಫಲ. ವೈದ್ಯಶಾಸ್ತ್ರವಾದರೋ ಆರೋಗ್ಯವನ್ನೇ ಗುರಿಯಾಗಿಟ್ಟುಕೊಂಡಿತು. ಕಲಕಿದ ನೀರನ್ನು ತಿಳಿಗೊಳಿಸಲು ಕತಕವನ್ನು, ಅಂದರೆ ಚಿಲ್ಲದ ಬೀಜವನ್ನು, ಸುಶ್ರುತಸಂಹಿತೆಯು ವಿಧಿಸಿದೆ.

ಆದರೆ ತಿಳಿಯಾದದ್ದೆಲ್ಲವೂ ಶುದ್ಧವೇ? ಈ ಪ್ರಶ್ನೆಗೆ ಉತ್ತರ ದೊರೆಯಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಕಾಲರಾ ಹಬ್ಬಿದಾಗ, ಅದು ಒಂದು ಬಾವಿಯ ನೀರಿನಿಂದ ಬಂದುದೆಂದು ಜಾನ್ ಸ್ನೋ ಎಂಬ ವೈದ್ಯನು ತೋರಿಸಿಕೊಟ್ಟನು. ಆ ನೀರಿನ ರುಚಿಯನ್ನು ಮೆಚ್ಚಿ ದೂರದಿಂದ ತರಿಸಿಕೊಂಡು ಕುಡಿಯುತ್ತಿದ್ದ ವಿಧವೆಯೊಬ್ಬಳೂ ಅದೇ ಬೇನೆಯಿಂದ ಸತ್ತಳು. ೧೮೮೪ರಲ್ಲಿ ರಾಬರ್ಟ್ ಕಾಕ್‌ನು ಆ ರೋಗಾಣುವನ್ನು ಕಲಕತ್ತೆಯ ಕೆರೆಯೊಂದರ ನೀರಿನಲ್ಲಿಯೇ ಕಂಡನು. ಕಣ್ಣಿಗೂ ನಾಲಿಗೆಗೂ ನಿಲುಕದ ದೋಷವು ನೀರಿನಲ್ಲಿ ಇರಬಲ್ಲದೆಂಬದು ಹೀಗೆ ಸಿದ್ಧವಾಯಿತು.

ಹಾಗಾದರೆ ಹಿರಿಯರ ಬಟ್ಟೆ ವ್ಯರ್ಥವಾಯಿತೇ? ಇಲ್ಲ. ಉತ್ತರ ಕರ್ನಾಟಕದ ಜನರನ್ನು ಬಹುಕಾಲ ಪೀಡಿಸಿದ ನಾರುಹುಣ್ಣು ಮೆಟ್ಟಿಲಬಾವಿಗಳ ನೀರಿನಿಂದ ಬರುತ್ತಿತ್ತು. ಆ ಹುಳುವಿನ ಮರಿಯನ್ನು ಹೊತ್ತ ಸೈಕ್ಲಾಪ್ಸ್ ಎಂಬ ಜಂತುವು ಬಟ್ಟೆಯನ್ನು ದಾಟಲಾರದು. ೧೯೮೦ರ ದಶಕದಲ್ಲಿ ಈ ರೋಗದ ನಿರ್ಮೂಲನಕ್ಕೆ ಹೊರಟ ಸರಕಾರವು ನೀರು ಸೋಸುವ ಬಟ್ಟೆಗಳನ್ನು ಹಂಚಿತು. ಮೆಟ್ಟಿಲಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿತು. ೧೯೯೬ರ ತರುವಾಯ ಭಾರತದಲ್ಲಿ ಆ ರೋಗವು ಕಾಣಿಸಲಿಲ್ಲ. ೨೦೦೦ದಲ್ಲಿ ದೇಶವು ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಮಾಣೀಕರಿಸಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು ೨೦೦೩ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇನ್ನೂ ಆಶ್ಚರ್ಯಕರವಾದುದು. ಹಳೆಯ ಸೀರೆಯನ್ನು ನಾಲ್ಕು ಪದರಾಗಿ ಮಡಿಸಿ ಸೋಸಿದ ನೀರನ್ನು ಕುಡಿದವರಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬಟ್ಟೆಯು ಅರ್ಧ ಕೆಲಸವನ್ನು ಮಾಡಿತು. ಉಳಿದ ಅರ್ಧವು ಗೃಹಿಣಿಯ ಕೈಯಲ್ಲಿರಲಿಲ್ಲ.

ಆ ಉಳಿದ ಅರ್ಧವು ಊರಿನ ಹೊಣೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳು ಮುಂಬಯಿ ಇಲಾಖೆಗೆ ಸೇರಿದ್ದಾಗ ೧೯೦೧ರ ಜಿಲ್ಲಾ ಮುನಿಸಿಪಲ್ ಕಾಯದೆಯು, ಇದ್ದ ನೀರು ಸಾಲದಾದಾಗ ಇಲ್ಲವೆ ಕೆಟ್ಟಿದ್ದಾಗ ಯೋಗ್ಯವಾದ ನೀರನ್ನು ಒದಗಿಸುವದು ಪುರಸಭೆಯ ಕರ್ತವ್ಯವೆಂದು ಸಾರಿತು. ರಾಯಬಾಗವು ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ೧೯೬೪ರ ಪುರಸಭಾ ಕಾಯದೆಯೂ ನೀರಿನ ಕರ್ತವ್ಯವನ್ನು ಪುರಸಭೆಗಳ ಮೇಲೆಯೇ ಇರಿಸಿತು. ೧೯೭೪ರ ಜಲಮಾಲಿನ್ಯ ಕಾಯದೆಯು ನದಿಗೆ ಹೊಲಸು ಬಿಡುವದನ್ನು ದಂಡಾರ್ಹವೆಂದಿತು. ಕುಡಿಯುವ ನೀರಿನ ಭಾರತೀಯ ಮಾನದಂಡವು ೧೯೮೩ರಲ್ಲಿ ಮೊದಲು ಹೊರಟಿತು. ೧೦೦ ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಜೀವಾಣು ಒಂದೂ ಇರಬಾರದು, ಲೀಟರಿಗೆ ೦.೨ ಮಿಲಿಗ್ರಾಂ ಆದರೂ ಕ್ಲೋರಿನ್ ನಳದ ತುದಿಯವರೆಗೆ ಉಳಿದಿರಬೇಕು ಎಂಬದು ಅದರ ಸಾರ. ಆದರೆ ಅದು ಮಾರ್ಗದರ್ಶಕವೇ ಹೊರತು, ತಪ್ಪಿದ ಪುರಸಭೆಯನ್ನು ತಾನಾಗಿ ಶಿಕ್ಷಿಸುವ ಶಾಸನವಲ್ಲ. ಅನರ್ಥದ ಬೀಜವು ಇಲ್ಲಿದೆ.

ಅದರ ಫಲವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕೊಲ್ಲಾಪುರದಿಂದ ಬರುವ ಪಂಚಗಂಗೆಯು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿದ ಮೇಲೆಯೇ ಆ ಹೊಳೆಯು ಈ ಸೀಮೆಗೆ ಬರುವದು. ೨೦೧೨ರಲ್ಲಿ ಪಂಚಗಂಗೆಯ ದಂಡೆಯ ಇಚಲಕರಂಜಿಯಲ್ಲಿ ಕಾಮಾಲೆಯು ವ್ಯಾಪಿಸಿ ಜನರು ಪ್ರಾಣ ಕಳೆದುಕೊಂಡರು. ಹೊಳೆಯ ಮಾಲಿನ್ಯದ ಮಾತು ಮುಂಬಯಿಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಮೇಲಿನ ಊರಿನ ಕೊಳೆಯು ಕೆಳಗಿನ ಊರಿನ ಕೊಡಕ್ಕೆ ಬರುವದನ್ನು ರಾಜ್ಯಗಳ ಗಡಿಯು ತಡೆಯಲಾರದು.

ಹೊಳೆಯ ನೀರನ್ನು ಶುದ್ಧಗೊಳಿಸಿದರೂ ಅಪಾಯವು ತೀರಲಿಲ್ಲ. ಹುಬ್ಬಳ್ಳಿ-ಧಾರವಾಡಗಳಲ್ಲಿ ಸಂಶೋಧಕರು ನಳದ ನೀರನ್ನು ಪರೀಕ್ಷಿಸಿ ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಓಣಿಗಳಲ್ಲಿ ಸುಮಾರು ಮೂರರಲ್ಲೊಂದು ಮಾದರಿಯಲ್ಲಿ ಮಲಮೂಲದ ಜೀವಾಣುಗಳಿದ್ದವು. ಹಗಲಿರುಳು ನೀರು ಹರಿಯುವ ಓಣಿಗಳಲ್ಲಿ ಅವು ನೂರಕ್ಕೆ ಒಂದು ಮಾದರಿಯಲ್ಲಿಯೂ ಇರಲಿಲ್ಲ. ಕಾರಣವು ಸರಳವಾದುದು: ನೀರು ನಿಂತ ಕೊಳವೆಯು ಬರಿದಾಗಿ, ಬಿರುಕುಗಳಿಂದ ಸುತ್ತಲಿನ ಗಟಾರದ ಹೊಲಸನ್ನು ಒಳಗೆ ಎಳೆದುಕೊಳ್ಳುವದು.

ಆದ ಕಾರಣ ಸೋಸುವ, ಕಾಸುವ ಆಚಾರವನ್ನು ಮನೆಗಳು ಬಿಡತಕ್ಕದ್ದಲ್ಲ. ಆದರೆ ಮನೆಯ ಎಚ್ಚರವು ಪುರಸಭೆಯ ಆಲಸ್ಯಕ್ಕೆ ನೆಪವಾಗಲೂಬಾರದು. ನೀರಿನ ಪರೀಕ್ಷೆಯ ಫಲವನ್ನು ಪ್ರತಿ ತಿಂಗಳು ಊರಿಗೆ ತಿಳಿಸಬೇಕೆಂದು ಕೇಳುವದು ನಾಗರಿಕರ ಹಕ್ಕು. ಕೇಳದಿರುವದು ಅವರ ದೋಷ. ಬಟ್ಟೆಯಲ್ಲಿ ಸಿಕ್ಕ ಜೀವಿಯನ್ನೂ ಉಳಿಸಲೆಳಸಿದ ಸೀಮೆಯಲ್ಲಿ, ನಳದ ನೀರು ಕುಡಿದ ಕೂಸು ಸಾಯುವದೆಂದರೆ ಅದು ಆ ಧರ್ಮಕ್ಕೇ ಬಂದ ಲೋಪವು.