ಸಿಎನ್‌ಸಿ ಲೇಥ್‌ನಲ್ಲಿ ಬಿಡಿಭಾಗ ಮಾಡಿಸುವ ಮುನ್ನ ಗೊತ್ತಿರಲಿ

ಗೋವಿನಜೋಳ ಒಕ್ಕುವ ಸುಗ್ಗಿಯಲ್ಲೇ ಮಷಿನ್‌ನ ಶಾಫ್ಟ್ ಸವೆಯುತ್ತದೆ, ಬುಷ್ ಒಡೆಯುತ್ತದೆ. ಮಾಡೆಲ್ ಹಳೆಯದಾಗಿದ್ದರೆ ಅಂಗಡಿಯಲ್ಲಿ ಸ್ಪೇರ್ ಸಿಗುವುದೂ ಕಷ್ಟ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದವರು ಆಗ ಲೇಥ್ ಅಂಗಡಿ ಹುಡುಕಬೇಕು.

ವ್ಯತ್ಯಾಸ ಏನು?
ಲೇಥ್‌ನಲ್ಲಿ ಕಬ್ಬಿಣದ ರಾಡ್ ತಿರುಗುತ್ತದೆ, ಟೂಲ್ ಅದನ್ನು ಕೆತ್ತುತ್ತದೆ. ಸಾದಾ ಲೇಥ್‌ನಲ್ಲಿ ಟರ್ನರ್ ಕೈಯಿಂದ ಟೂಲ್ ನಡೆಸುತ್ತಾನೆ. ನಮ್ಮ ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಂಥ ಲೇಥ್‌ಗಳಿಗೇ ಹೆಸರಾಗಿತ್ತು. ಸಿಎನ್‌ಸಿಯಲ್ಲಿ ಆ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಂ ಮಾಡುತ್ತದೆ.

ಯಾವಾಗ ಯಾವುದು?
ಒಂದೇ ಪೀಸ್ ಬೇಕಿದ್ದರೆ ಸಾಮಾನ್ಯವಾಗಿ ಊರಿನ ಸಾದಾ ಲೇಥ್ ಸಾಕು. ಸಿಎನ್‌ಸಿಯಲ್ಲಿ ಪ್ರೋಗ್ರಾಂ ಬರೆಯಲು, ಟೂಲ್ ಹೊಂದಿಸಲು ಸಮಯ ಹಿಡಿಯುತ್ತದೆ. ಒಂದೇ ಪೀಸ್ ಆದರೆ ಆ ಖರ್ಚೆಲ್ಲ ಅದರ ಮೇಲೇ ಬೀಳುತ್ತದೆ. ಅಂಗಡಿಯವರು ಒಂದೇ ನಮೂನೆಯ 50–100 ಬುಷ್ ಮಾಡಿಸುವುದಾದರೆ ಸಿಎನ್‌ಸಿ ಲಾಭ. ಇಂಥ ಕೆಲಸಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಬಹುದು.

ಅಳತೆ ಹೇಗೆ?
ಸವೆದ ಜಾಗದ ಅಳತೆ ಕೊಡಬೇಡಿ. ಸವೆಯದ ಜಾಗ ನೋಡಿ ಕೊಡಿ. ಹಳೆ ಪೀಸ್ ಜೊತೆ ಅದು ಕೂಡುವ ಬೇರಿಂಗ್, ಪುಲ್ಲಿಯನ್ನೂ ಒಯ್ಯಿರಿ. ಬೇರಿಂಗ್ ಮೇಲೆ 6205 ಎಂದಿದ್ದರೆ ಕೊನೆಯ 05 ಅನ್ನು 5ರಿಂದ ಗುಣಿಸಿ: ಒಳರಂಧ್ರ 25 ಎಂಎಂ. (ಈ ಲೆಕ್ಕ 04ರಿಂದ ಮೇಲಿನ ನಂಬರಿಗೆ.) ಬೇರಿಂಗ್ ಬಿಗಿಯಾಗಿ ಕೂಡಬೇಕೋ, ಬುಷ್ ಸಲೀಸಾಗಿ ತಿರುಗಬೇಕೋ ಎಂಬುದನ್ನು ಬಾಯಿಬಿಟ್ಟು ಹೇಳಿ. ಎರಡರ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಇರುತ್ತದೆ.

ಲೋಹ ಯಾವುದು?
ಸಾದಾ ಎಂಎಸ್ ರಾಡ್ ಮೆತ್ತಗೆ, ಭಾರ ಹೊರುವ ಶಾಫ್ಟ್‌ಗೆ ಬೇಗ ಸವೆಯುತ್ತದೆ. ಶಾಫ್ಟ್‌ಗೆ ಇಎನ್8, ಹೆಚ್ಚು ಒತ್ತಡವಿದ್ದರೆ ಇಎನ್24. ಬುಷ್‌ಗೆ ಗನ್‌ಮೆಟಲ್ ಕೇಳಿ. ಯಾವ ಲೋಹ ಹಾಕಿದ್ದಾರೆಂದು ಬಿಲ್‌ನಲ್ಲಿ ಬರೆಸಿಕೊಳ್ಳಿ. ಕೀ-ವೇ ಕೊರೆಯುವುದು ಸಾಮಾನ್ಯವಾಗಿ ಬೇರೆ ಮಷಿನ್ ಕೆಲಸ, ಅದರ ಚಾರ್ಜ್ ಮೊದಲೇ ಕೇಳಿ.

ಕೊನೆಯ ಮಾತು
ಮೊದಲು ಒಂದೇ ಪೀಸ್ ಮಾಡಿಸಿ, ಮಷಿನ್‌ಗೆ ಕೂಡಿಸಿ, ಓಡಿಸಿ ನೋಡಿ. ಸರಿ ಬಂದ ಮೇಲೆಯೇ ಉಳಿದದ್ದಕ್ಕೆ ಆರ್ಡರ್ ಕೊಡಿ. ಯಾಕಂದರೆ ಸಿಎನ್‌ಸಿ ತಪ್ಪು ಅಳತೆಯನ್ನೂ ನೂರು ಸಲ ಹಾಗೇ ಕೆತ್ತಿ ಕೊಡುತ್ತದೆ. ಡ್ರಾಯಿಂಗ್‌ನ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ. ಮುಂದಿನ ಸುಗ್ಗಿಗೆ ಬೇಕಾಗುತ್ತದೆ.